ಲ್ಯಾವೆಲ್ಲೆ: ಕೋಲಾರದಲ್ಲಿ ಚಿನ್ನದ ಜಾಡು ಹಿಡಿದ ನಿವೃತ್ತ ಸೈನಿಕ

ಬೆಂಗಳೂರಿನ ಲ್ಯಾವೆಲ್ಲೆ ರಸ್ತೆ ಇಂದು ದುಬಾರಿ ಹೋಟೆಲುಗಳಿಗೆ ಹಾಗೂ ವಸತಿ ಸಮುಚ್ಚಯಗಳಿಗೆ ಹೆಸರಾದುದು. ಆ ಹೆಸರು ಯಾರದೆಂದು ಕೇಳಿದರೆ ಯಾರೋ ಬ್ರಿಟಿಷ್ ಅಧಿಕಾರಿಯದಿರಬೇಕು ಎಂಬ ಉತ್ತರ ಬರುವುದೇ ಹೆಚ್ಚು. ಆದರೆ ಮೈಕೆಲ್ ಫಿಟ್ಜ್‌ಜೆರಾಲ್ಡ್ ಲ್ಯಾವೆಲ್ಲೆ ಕಲೆಕ್ಟರನೂ ಅಲ್ಲ, ಕಮಿಷನರನೂ ಅಲ್ಲ. ಸೈನ್ಯದಿಂದ ನಿವೃತ್ತನಾಗಿ ಬೆಂಗಳೂರಿನ ದಂಡು ಪ್ರದೇಶದಲ್ಲಿ ನೆಲೆಸಿದ್ದ ಐರ್ಲೆಂಡಿನವನು. ಕೈಯಲ್ಲಿ ಬಿಡುವಿತ್ತು, ತಲೆಯಲ್ಲಿ ಚಿನ್ನದ ಗುಂಗಿತ್ತು. ಕೋಲಾರದ ಗಣಿಗಳ ಆಧುನಿಕ ಇತಿಹಾಸ ಆರಂಭವಾಗುವುದು ಆತನ ಈ ಗುಂಗಿನಿಂದಲೇ.

ಲ್ಯಾವೆಲ್ಲೆ ಭಾರತಕ್ಕೆ ಬರುವ ಮುನ್ನ ನ್ಯೂಜಿಲೆಂಡಿನಲ್ಲಿ ಮಾವೋರಿಗಳ ವಿರುದ್ಧದ ಯುದ್ಧದಲ್ಲಿ ಭಾಗವಹಿಸಿದ್ದ. ಆ ವರ್ಷಗಳಲ್ಲಿ ನ್ಯೂಜಿಲೆಂಡ್ ಚಿನ್ನದ ಹುಚ್ಚಿನಲ್ಲಿ ಮುಳುಗಿತ್ತು. 1861ರಲ್ಲಿ ಒಟಾಗೋ ಪ್ರಾಂತ್ಯದಲ್ಲಿ, 1867ರಲ್ಲಿ ಥೇಮ್ಸ್ ಪ್ರದೇಶದಲ್ಲಿ ಚಿನ್ನ ಸಿಕ್ಕಿದ ಸುದ್ದಿ ಹರಡಿ ಸಾವಿರಾರು ಮಂದಿ ಗುದ್ದಲಿ, ಬೋಗುಣಿ ಹಿಡಿದು ಅಲ್ಲಿಗೆ ನುಗ್ಗಿದ್ದರು. ಹೊಳೆಯ ಮರಳನ್ನು ಬೋಗುಣಿಯಲ್ಲಿ ತಿರುಗಿಸಿ ತೊಳೆಯುವುದು, ತಳದಲ್ಲಿ ಉಳಿಯುವ ಹಳದಿ ಕಣವನ್ನು ಗುರುತಿಸುವುದು, ಬೆಣಚುಕಲ್ಲಿನ ಪದರ ಎತ್ತ ಸಾಗಿದೆ ಎಂಬುದನ್ನು ನೆಲದ ಮೇಲಿನಿಂದಲೇ ಅಂದಾಜು ಮಾಡುವುದು - ಇವೆಲ್ಲ ಅಲ್ಲಿನ ಸಾಮಾನ್ಯ ಜನರಿಗೂ ತಿಳಿದ ವಿದ್ಯೆಯಾಗಿದ್ದವು. ಲ್ಯಾವೆಲ್ಲೆಗೆ ಚಿನ್ನದ ಬೇಟೆಯ ರುಚಿ ಹತ್ತಿದ್ದು ಆ ನಾಡಿನಲ್ಲೇ.

ಬೆಂಗಳೂರಿನಲ್ಲಿ ಆತನ ಹೊತ್ತು ಹೆಚ್ಚಾಗಿ ಓದಿನಲ್ಲಿ ಕಳೆಯುತ್ತಿತ್ತು. 1871ರಲ್ಲಿ ನಾಲ್ಕೇ ಪುಟಗಳ ಒಂದು ಹಳೆಯ ಬರಹ ಆತನ ಕೈಗೆ ಬಿತ್ತು. ಬರೆದವನು ಲೆಫ್ಟಿನೆಂಟ್ ಜಾನ್ ವಾರೆನ್, ಬರೆದದ್ದು 1804ರಲ್ಲಿ.

ವಾರೆನ್‌ನ ಕತೆಯೂ ಸ್ವಾರಸ್ಯಕರವಾದುದು. 1799ರಲ್ಲಿ ಟಿಪ್ಪು ಸುಲ್ತಾನ್ ಮಡಿದ ನಂತರ ಮೈಸೂರು ಸಂಸ್ಥಾನದ ಪೂರ್ವ ಗಡಿಯನ್ನು ಅಳೆಯುವ ಕೆಲಸ ಆತನ ಪಾಲಿಗೆ ಬಂದಿತ್ತು. 1802ರಲ್ಲಿ ಕೋಲಾರ ಸೀಮೆಯಲ್ಲಿ ಬಿಡಾರ ಹೂಡಿದ್ದಾಗ ಇಲ್ಲಿನ ಮಣ್ಣಿನಲ್ಲಿ ಚಿನ್ನವಿದೆ ಎಂಬ ಮಾತು ಕಿವಿಗೆ ಬಿತ್ತು. ಚಿನ್ನ ತೋರಿಸಿದವರಿಗೆ ಬಹುಮಾನ ಎಂದು ಸಾರಿದ. ಹಳ್ಳಿಗರು ಗಾಡಿ ತುಂಬ ಮಣ್ಣು ತಂದು, ಆತನ ಕಣ್ಣೆದುರೇ ತೊಳೆದು ಚಿನ್ನದ ಕಣ ತೋರಿಸಿದರು. ವಾರೆನ್‌ನ ಲೆಕ್ಕದಲ್ಲಿ ಸುಮಾರು 56 ಕಿಲೋ ಮಣ್ಣಿಗೆ ಸಿಕ್ಕಿದ್ದು ಒಂದು ಗ್ರೇನ್, ಅಂದರೆ ಒಂದು ಗ್ರಾಮಿನ ಹದಿನೈದರಲ್ಲೊಂದು ಪಾಲು. ಮಾರಿಕುಪ್ಪದ ಕಡೆ ಜನ ಆಳದ ಗುಂಡಿಗಳಿಗೆ ಇಳಿದು, ಕಲ್ಲುಗಳನ್ನು ಬುಟ್ಟಿಯಲ್ಲಿ ಕೈಯಿಂದ ಕೈಗೆ ದಾಟಿಸಿ ಮೇಲೆ ತರುತ್ತಿದ್ದರು. ಹೆಂಗಸರು ಅವನ್ನು ಕುಟ್ಟಿ ಪುಡಿ ಮಾಡಿ ನೀರಿನಲ್ಲಿ ತೊಳೆಯುತ್ತಿದ್ದರು. ಉತ್ತರ ಕರ್ನಾಟಕದಲ್ಲಿ ಹೊಳೆಯ ಮರಳು ತೊಳೆದು ಚಿನ್ನ ತೆಗೆಯುತ್ತಿದ್ದ ಜಾಲಗಾರರಂತೆ ಇವರದೂ ತಲೆಮಾರುಗಳ ಕಸುಬು. ಕೋಲಾರದ ಚಿನ್ನವನ್ನು ‘ಕಂಡುಹಿಡಿದ’ ಕೀರ್ತಿಯನ್ನು ವಾರೆನ್‌ಗೋ ಲ್ಯಾವೆಲ್ಲೆಗೋ ಕೊಡುವವರು ಈ ಬುಟ್ಟಿಗಳನ್ನು ಮರೆಯುವುದುಂಟು.

ವಾರೆನ್ ನಂತರ ಹಲವರು ಪರೀಕ್ಷೆ ನಡೆಸಿದರೂ ಲಾಭ ಕಾಣಲಿಲ್ಲ. ಅಪಘಾತವೊಂದರ ನಂತರ 1859ರಲ್ಲಿ ನೆಲದಡಿಯ ಅಗೆತವನ್ನೇ ಸರ್ಕಾರ ನಿಷೇಧಿಸಿತು. ಅಲ್ಲಿಗೆ ವಿಷಯ ಮುಗಿದಂತೆಯೇ ಆಗಿತ್ತು.

ಲ್ಯಾವೆಲ್ಲೆ ಎತ್ತಿನ ಗಾಡಿ ಹೂಡಿಸಿ ಸುಮಾರು 60 ಮೈಲಿ ದೂರದ ಕೋಲಾರ ಸೀಮೆಗೆ ಹೊರಟ. ಒಂದು ಪ್ರವಾಸಕ್ಕೆ ಇದು ಮುಗಿಯಲಿಲ್ಲ. ಎರಡು ವರ್ಷಕ್ಕೂ ಮಿಕ್ಕಿ ಆತ ಆ ಬರಡು ನೆಲವನ್ನು ಶೋಧಿಸಿದ. ಗಣಿಗೆ ತಕ್ಕ ಜಾಗಗಳನ್ನು ಗುರುತಿಸಿದ. ಆ ಕಾಲದಲ್ಲಿ ಲೋಹ ಪತ್ತೆ ಹಚ್ಚುವ ಯಂತ್ರಗಳಿರಲಿಲ್ಲ. ಇದ್ದರೂ ಇಲ್ಲಿ ಹೆಚ್ಚಿನ ಉಪಯೋಗವಾಗುತ್ತಿರಲಿಲ್ಲ ಎನ್ನಬೇಕು. ಕೋಲಾರದ ಚಿನ್ನ ಗಟ್ಟಿಗಳಾಗಿ ಮಣ್ಣಿನಲ್ಲಿ ಬಿದ್ದಿರುವಂಥದಲ್ಲ. ಇನ್ನೂರೈವತ್ತು ಕೋಟಿ ವರ್ಷಗಳಿಗೂ ಹಳೆಯದಾದ ಕಪ್ಪು ಶಿಲೆಯ ನಡುವೆ ಗೋಡೆಯಂತೆ ಕೆಳಗಿಳಿಯುವ ಬೆಣಚುಕಲ್ಲಿನ ಪದರಗಳಲ್ಲಿ ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾಗಿ ಬೆರೆತಿರುವಂಥದು. ಮೇಲಿನ ಮಣ್ಣಿನಲ್ಲಿ ಸಿಗುವ ಕಣ ಅದರ ಸುಳಿವು ಮಾತ್ರ. ಹಿಂದಿನವರು ಅಗೆದು ಬಿಟ್ಟ ಗುಂಡಿಗಳೇ ದಿಕ್ಕು ತೋರುವ ಕೈಮರಗಳು.

1873ರಲ್ಲಿ ಲ್ಯಾವೆಲ್ಲೆ ಮೈಸೂರು ಸರ್ಕಾರಕ್ಕೆ ಪರವಾನಗಿ ಕೋರಿ ಅರ್ಜಿ ಬರೆದ. ಸಂಸ್ಥಾನ ಆಗ ಬ್ರಿಟಿಷ್ ಕಮಿಷನರರ ಆಡಳಿತದಲ್ಲಿತ್ತು. ಕೋಲಾರದ ಚಿನ್ನದಲ್ಲಿ ನಂಬಿಕೆ ಕಳೆದುಕೊಂಡಿದ್ದ ಅಧಿಕಾರಿಗಳು ಬೇಕಾದರೆ ಕಲ್ಲಿದ್ದಲು ಹುಡುಕಲು ಅನುಮತಿ ಕೊಡುವುದಾಗಿ ತಿಳಿಸಿದರು! ಆತ ಪಟ್ಟು ಬಿಡಲಿಲ್ಲ. ಗೆದ್ದರೆ ಸರ್ಕಾರಕ್ಕೆ ದೊಡ್ಡ ಲಾಭ, ಸೋತರೆ ಸರ್ಕಾರದ ಗಂಟೇನೂ ಹೋಗದು ಎಂಬುದು ಆತನ ವಾದ. ಇದಕ್ಕೆ ಎದುರಾಡುವುದು ಯಾವ ಗುಮಾಸ್ತನಿಗೂ ಕಷ್ಟವೇ. 1875ರ ಫೆಬ್ರುವರಿ 2ರಂದು ಕೋಲಾರದಲ್ಲಿ ಗಣಿಗಾರಿಕೆ ನಡೆಸಲು 20 ವರ್ಷಗಳ ಗುತ್ತಿಗೆ ಆತನಿಗೆ ದೊರೆಯಿತು.

ಅದೇ ವರ್ಷ ಉರಿಗಾಂ ಬಳಿ ಬಾವಿ ತೋಡುವ ಕೆಲಸ ಶುರುವಾಯಿತು. ಹವ್ಯಾಸಿಯ ಮಿತಿ ತೋರಿದ್ದು ಆಗಲೇ. ಮಣ್ಣು ತೊಳೆಯಲು ಒಂದು ಬೋಗುಣಿ, ಒಂದಿಷ್ಟು ತಾಳ್ಮೆ ಸಾಕು. ಬಂಡೆ ಒಡೆದು ನೂರಾರು ಅಡಿ ಇಳಿಯಲು, ನೀರು ಎತ್ತಲು, ಕಲ್ಲು ಅರೆಯಲು ಯಂತ್ರ ಬೇಕು, ಆಳುಗಳು ಬೇಕು, ವರ್ಷಗಟ್ಟಲೆ ಕಾಯಬಲ್ಲ ಹಣ ಬೇಕು. ನಿವೃತ್ತ ಸೈನಿಕನ ಬಳಿ ಅದಿರಲಿಲ್ಲ. ಗಣಿಯಲ್ಲಿ ಕಳೆಯಬೇಕಾದ ದಿನಗಳು ಬಂಡವಾಳಗಾರರ ಮನೆಬಾಗಿಲಲ್ಲಿ ಕಳೆದವು. ಕೊನೆಗೆ 1876ರಲ್ಲಿ ಸರ್ಕಾರದ ಒಪ್ಪಿಗೆ ಪಡೆದು ತನ್ನ ಹಕ್ಕುಗಳನ್ನು ಮದರಾಸು ಸೈನ್ಯದ ಮೇಜರ್ ಜನರಲ್ ಬೆರೆಸ್‌ಫರ್ಡ್‌ಗೆ ವರ್ಗಾಯಿಸಿದ. ಬೆರೆಸ್‌ಫರ್ಡ್ ಹಾಗೂ ಆತನ ಗೆಳೆಯರ ಕೂಟ ‘ಕೋಲಾರ್ ಕನ್ಸೆಷನೇರ್ಸ್’ ಎಂದು ಹೆಸರಾಯಿತು.

ಮಾರಿದ್ದು ಮೂರ್ಖತನವೇ? ಇಂದು ಕುಳಿತು ಹಾಗೆನ್ನುವುದು ಸುಲಭ. ಮುಂದಿನ ಹಲವು ವರ್ಷ ಕೊಂಡವರ ಕೈಗೂ ಏನೂ ಹತ್ತಲಿಲ್ಲ. ಪಕ್ಕದ ವಯನಾಡಿನಲ್ಲಿ 1880ರ ಸುಮಾರಿಗೆ ಎದ್ದ ಚಿನ್ನದ ಅಬ್ಬರದಲ್ಲಿ ಲಂಡನ್ನಿನಲ್ಲಿ ಸಾಲುಸಾಲು ಕಂಪನಿಗಳು ಹುಟ್ಟಿ, ಕೆಲವೇ ವರ್ಷಗಳಲ್ಲಿ ನೆಲಕಚ್ಚಿದ್ದವು. ಕೋಲಾರದ್ದೂ ಅದೇ ಗತಿ ಎಂದು ನಂಬಿದವರೇ ಹೆಚ್ಚು. ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆ ಹೊಣೆ ಹೊತ್ತ ಮೇಲೂ ಮೈಸೂರು ಗಣಿಯ ಬಂಡವಾಳ ಬಹುಮಟ್ಟಿಗೆ ಕರಗಿಹೋಗಿತ್ತು. ಮುಚ್ಚುವ ಮಾತು ನಡೆದಿದ್ದಾಗ, 1883ರಲ್ಲಿ ಬಂದ ಕ್ಯಾಪ್ಟನ್ ಪ್ಲಮ್ಮರ್ ಹಳೆಯ ಅಗೆತಗಳ ಕೆಳಗೇ ಇಳಿದು ಹುಡುಕಿ ‘ಚಾಂಪಿಯನ್’ ಪದರವನ್ನು ಮುಟ್ಟಿದ. ಚಿನ್ನದ ಹೊಳೆ ಹರಿದದ್ದು ಆ ಬಳಿಕ. 1902ರಲ್ಲಿ ಶಿವನಸಮುದ್ರದ ವಿದ್ಯುತ್ ಗಣಿಗಳಿಗೆ ಬಂತು. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿಯಿತು. 2001ರ ಫೆಬ್ರುವರಿ 28ರಂದು ಬಾಗಿಲು ಮುಚ್ಚುವ ಹೊತ್ತಿಗೆ ಅಲ್ಲಿಂದ ತೆಗೆದ ಚಿನ್ನ 800 ಟನ್ನಿಗೂ ಅಧಿಕ.

ಹಕ್ಕು ಮಾರಿದ ಲ್ಯಾವೆಲ್ಲೆ ಬರಿಗೈಯಲ್ಲೇನೂ ಉಳಿಯಲಿಲ್ಲ. ಬೆಂಗಳೂರಿನಲ್ಲಿ ಬಂಗಲೆ ಕಟ್ಟಿಸಿ, ತಾನು ಮೊದಲ ಬಾವಿ ತೋಡಿಸಿದ ಊರಿನ ನೆನಪಿಗೆ ‘ಊರ್ಗಾಂ ಹೌಸ್’ ಎಂದು ಹೆಸರಿಟ್ಟ. ಆ ರಸ್ತೆಗೆ ಆತನ ಹೆಸರೇ ನಿಂತಿತು.

ಆಸ್ಟ್ರೇಲಿಯಾದ ವಿಕ್ಟೋರಿಯಾದಲ್ಲಿ ಇಂದಿಗೂ ಅಗ್ಗದ ಪರವಾನಗಿ ಪಡೆದ ಹವ್ಯಾಸಿ ಮೆಟಲ್ ಡಿಟೆಕ್ಟರ್ ಹಿಡಿದು ಅಲೆಯಬಹುದು. ಸಿಕ್ಕ ಚಿನ್ನ ಅವನದೇ. ನ್ಯೂಜಿಲೆಂಡಿನಲ್ಲೂ ಇದಕ್ಕೆಂದೇ ಮೀಸಲಿಟ್ಟ ಜಾಗಗಳಿವೆ. ನಮ್ಮಲ್ಲಿ ಆ ದಾರಿಯಿಲ್ಲ. ಖನಿಜ ಶೋಧನೆಗೆ 1957ರ ಕೇಂದ್ರ ಕಾಯ್ದೆಯಡಿ ಅನುಮತಿ ಬೇಕು. ಹೂತ ನಾಣ್ಯ, ಆಭರಣದ ಮಾತು ಇನ್ನೂ ಬಿಗಿ. ಸಾಸ್ತಾನಕ್ಕೆ ಸಮೀಪದ ಬಾರ್ಕೂರು ವಿಜಯನಗರ ಕಾಲದಲ್ಲಿ ಚಿನ್ನದ ಗದ್ಯಾಣ ಟಂಕಿಸಿದ ಊರು. ಅಂಥ ಕಡೆ ನೆಲದಡಿ ನಿಧಿ ದೊರೆತರೆ ಜಿಲ್ಲಾಧಿಕಾರಿಗೆ ತಿಳಿಸುವುದು ಕಡ್ಡಾಯ, ಮುಚ್ಚಿಟ್ಟರೆ ಅಪರಾಧ. ಲ್ಯಾವೆಲ್ಲೆ ಅರ್ಜಿ ಹಿಡಿದು ಎರಡು ವರ್ಷ ಕಾಯ್ದುದಕ್ಕೆ ಕಾರಣವೂ ಇಂಥದೇ: ನೆಲದ ಮೇಲೆ ಓಡಾಡಲು ಯಾರೂ ತಡೆಯಲಿಲ್ಲ, ಅಗೆಯಲು ಸರ್ಕಾರದ ಮುದ್ರೆ ಬೇಕಾಗಿತ್ತು.

ಕೆಜಿಎಫ್‌ನಲ್ಲಿ ಈಗ ಉಳಿದಿರುವುದು ಅರೆದ ಕಲ್ಲಿನ ಬೂದುಬಣ್ಣದ ದಿಬ್ಬಗಳು. ಸಯನೈಡ್ ದಿಬ್ಬಗಳೆಂದು ಊರವರು ಕರೆಯುವ ಇವುಗಳಲ್ಲಿ ಇನ್ನೂ ಅಲ್ಪಸ್ವಲ್ಪ ಚಿನ್ನ ಉಳಿದಿದೆ. ಅದನ್ನು ಮತ್ತೆ ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ 2024ರ ಜೂನ್‌ನಲ್ಲಿ ರಾಜ್ಯ ಸಚಿವ ಸಂಪುಟ ಒಪ್ಪಿಗೆ ನೀಡಿತು. ಅಂಥ 13 ದಿಬ್ಬಗಳಿವೆ.