ಬೆಟ್ಟ ಬಿಟ್ಟರೂ ಹಾಡು ಬಿಡಲಿಲ್ಲ

1928ರಲ್ಲಿ ಕುಮಾವೂಂನ ಅಲ್ಮೋಡಾದಲ್ಲಿ ಹುಟ್ಟಿದ ಮೋಹನ್ ಉಪ್ರೇತಿ ನನಗೆ ಇಷ್ಟವಾಗುವುದು ಅವರು ರಾಗ ಸಂಯೋಜಿಸಿದ ‘ಬೇಡು ಪಾಕೋ’ ಹಾಡಿಗಾಗಿ ಮಾತ್ರವಲ್ಲ. ರಾಜಕುಮಾರ ಮಾಲುಶಾಹಿ ಮತ್ತು ವ್ಯಾಪಾರಿಯ ಮಗಳು ರಾಜುಲಾಳ ಪ್ರೇಮಕಥೆಯನ್ನು ಅಲ್ಲಿನ ಹಳ್ಳಿ ಗಾಯಕರು ನೆನಪಿನಿಂದಲೇ ಹಾಡುತ್ತಿದ್ದರು. ಗಾಯಕ ತೀರಿಕೊಂಡರೆ ಹಾಡೂ ಹೋದಂತೆ. ಉಪ್ರೇತಿ ಅದನ್ನು ಪುಸ್ತಕವಾಗಿಸಿದರು, ರಂಗಕ್ಕೂ ತಂದರು.

1962ರ ಚೀನಾ ಯುದ್ಧದ ವೇಳೆ ಕಮ್ಯುನಿಸ್ಟ್ ಒಲವಿನ ಕಾರಣಕ್ಕೆ ಅವರನ್ನು ಜೈಲಿಗೆ ಹಾಕಲಾಯಿತು. ಬಿಡುಗಡೆಯಾದ ಮೇಲೂ ಅಲ್ಮೋಡಾಕ್ಕೆ ಕಾಲಿಡುವಂತಿರಲಿಲ್ಲ. ದೆಹಲಿ ಸೇರಿದ ಅವರು 1968ರಲ್ಲಿ ಅಲ್ಲೇ ‘ಪರ್ವತೀಯ ಕಲಾ ಕೇಂದ್ರ’ ಕಟ್ಟಿ, ಬೆಟ್ಟದ ಹಾಡನ್ನು ನಗರದ ವೇದಿಕೆಗೆ ತಂದರು. 1997ರಲ್ಲಿ ತೀರಿಕೊಂಡರು.

ಕೆಲಸಕ್ಕಾಗಿ ನಾವೂ ಊರು ಬಿಡಬೇಕಾಗಬಹುದು. ಹೊರಡುವ ಮುನ್ನ ಅಜ್ಜಿಯ ಹಾಡನ್ನು ಬರೆದುಕೊಳ್ಳಲು ಯಾರ ಅಪ್ಪಣೆಯೂ ಬೇಕಿಲ್ಲ.