ಜಾನ್ ಲೆನನ್ನನೂ ಬೀಟಲ್ಸರ ಶ್ರೇಷ್ಠ ಕೃತಿಯೂ

ಬೀಟಲ್ಸರು 1963ರಿಂದ 1970ರವರೆಗೆ ಇಂಗ್ಲೆಂಡಿನಲ್ಲಿ ಹೊರತಂದ 12 ಆಲ್ಬಮ್ಮುಗಳಲ್ಲಿ ಶ್ರೇಷ್ಠವಾದುದು ಯಾವುದೆಂಬ ವಾದ, ಹಾಡು ಕೇಳುವ ನಾಲ್ವರು ಸೇರಿದಲ್ಲೆಲ್ಲ ಏಳುತ್ತದೆ. ನಮ್ಮ ವಿದ್ಯಾರ್ಥಿನಿಲಯದಲ್ಲಿಯೂ ಅದು ಹಲವು ರಾತ್ರಿಗಳ ನಿದ್ದೆಯನ್ನು ಕೆಡಿಸಿದೆ. ಒಬ್ಬರು 'ಸಾರ್ಜೆಂಟ್ ಪೆಪ್ಪರ್' ಎನ್ನುತ್ತಾರೆ, ಮತ್ತೊಬ್ಬರು 'ಆ್ಯಬಿ ರೋಡ್' ಎನ್ನುತ್ತಾರೆ. ಇಬ್ಬರ ಬಳಿಯೂ ಕಾರಣಗಳಿಗೆ ಬರವಿಲ್ಲ. ನನ್ನ ಮಟ್ಟಿಗೆ ಈ ಗಂಟನ್ನು ಬಿಡಿಸಿಕೊಟ್ಟದ್ದು ಆ ತಂಡವನ್ನು ಕಟ್ಟಿದ ಜಾನ್ ಲೆನನ್ನನ ಜೀವನ.

ಲೆನನ್ ಹುಟ್ಟಿದ್ದು 1940ನೆಯ ಇಸವಿ ಅಕ್ಟೋಬರ್ 9ರಂದು, ಬಂದರು ನಗರವಾದ ಲಿವರ್‌ಪೂಲಿನಲ್ಲಿ. ತಂದೆ ಹಡಗಿನ ಕೆಲಸಗಾರ. ಮನೆಯಲ್ಲಿದ್ದುದಕ್ಕಿಂತ ಕಡಲ ಮೇಲೆ ಇದ್ದುದೇ ಹೆಚ್ಚು. ತಾಯಿ ಜೂಲಿಯಾ ಬೇರೊಬ್ಬನೊಡನೆ ಸಂಸಾರ ಹೂಡಿದಳು. ಹುಡುಗನನ್ನು ದೊಡ್ಡಮ್ಮ ಮಿಮಿಯೂ ಆಕೆಯ ಗಂಡ ಜಾರ್ಜನೂ ಸಾಕಿದರು. ಆ ಮನೆಯಲ್ಲಿ ಅನ್ನ ಬಟ್ಟೆಗಳಿಗೆ ಕೊರತೆಯಿರಲಿಲ್ಲ. ಶಿಸ್ತಿಗಂತೂ ಇರಲೇ ಇಲ್ಲ. ಆದರೆ ತಾಯಿ ಅದೇ ಊರಿನಲ್ಲಿದ್ದಳು. ಹದಿಹರೆಯ ಬಂದಂತೆ ಅವನು ಅಲ್ಲಿಗೆ ಹೋಗಿಬರತೊಡಗಿದನು. ಆಕೆ ನಗುನಗುತ್ತ ಬ್ಯಾಂಜೋ ನುಡಿಸುವವಳು. ಮಗನ ಬೆರಳುಗಳಿಗೆ ತಂತಿಯ ಮೊದಲ ಪಾಠ ಹೇಳಿಕೊಟ್ಟವಳು ಆಕೆಯೇ. 1958ರ ಜುಲೈ 15ರ ಸಂಜೆ ಅಕ್ಕನ ಮನೆಯಿಂದ ಹೊರಟು ರಸ್ತೆ ದಾಟುತ್ತಿದ್ದಾಗ ಕಾರು ಬಡಿದು ಜೂಲಿಯಾ ತೀರಿಕೊಂಡಳು. ಅವನಿಗಾಗ 17 ವರ್ಷ. ಒಮ್ಮೆ ಕಳೆದುಕೊಂಡು ಮರಳಿ ಪಡೆದಿದ್ದ ತಾಯಿಯನ್ನು ಅವನು ಎರಡನೆಯ ಸಲ ಕಳೆದುಕೊಂಡನು.

ಅದಕ್ಕೆ ಒಂದು ವರ್ಷ ಹಿಂದೆ, 1957ರ ಜುಲೈ 6ರಂದು, ವೂಲ್ಟನ್ನಿನ ಚರ್ಚಿನ ಜಾತ್ರೆಯಲ್ಲಿ ಅವನಿಗೆ ಪಾಲ್ ಮ್ಯಾಕಾರ್ಟ್ನಿಯ ಪರಿಚಯವಾಗಿತ್ತು. ಪಾಲನ ತಾಯಿಯೂ 1956ರಲ್ಲಿ ತೀರಿಕೊಂಡಿದ್ದಳು. ತಬ್ಬಲಿತನ ಇಬ್ಬರನ್ನೂ ಹತ್ತಿರ ತಂದಿತೆಂದು ಹೇಳುವುದು ವಾಡಿಕೆ. ಅದು ನಿಜವೇ ಇರಬಹುದು. ಆದರೆ ಅಷ್ಟರಿಂದಲೇ ಹಾಡು ಹುಟ್ಟುವುದಿಲ್ಲ. ಜಾರ್ಜ್ ಹ್ಯಾರಿಸನ್ ಬಂದು ಸೇರಿದನು. ಜರ್ಮನಿಯ ಹ್ಯಾಂಬರ್ಗಿನ ಕ್ಲಬ್ಬುಗಳಲ್ಲಿ ರಾತ್ರಿಯೆಲ್ಲ ಹಾಡಿ ಹದಗೊಂಡರು. ಬ್ರಯನ್ ಎಪ್‌ಸ್ಟೀನ್ ವ್ಯವಸ್ಥಾಪಕನಾದನು. 1962ರಲ್ಲಿ ರಿಂಗೋ ಸ್ಟಾರ್ ಡ್ರಮ್ಮಿಗೆ ಕುಳಿತನು. 1963ರ ಫೆಬ್ರವರಿ 11ರಂದು ಒಂದೇ ದಿನದಲ್ಲಿ ಮೊದಲ ಆಲ್ಬಮ್ಮಿನ 10 ಹಾಡುಗಳ ಧ್ವನಿಮುದ್ರಣ ಮುಗಿಯಿತು. ನೆಗಡಿಯಾಗಿದ್ದ ಲೆನನ್ ಗಂಟಲು ಒಡೆಯುವಂತೆ ಕೂಗಿ ಹಾಡಿದ 'ಟ್ವಿಸ್ಟ್ ಆ್ಯಂಡ್ ಶೌಟ್' ಆ ದಿನದ ಕೊನೆಯದು. ಮುಂದಿನ ವರ್ಷ ಅಮೆರಿಕವೂ ವಶವಾಯಿತು. ಈ ವಿಜಯಯಾತ್ರೆಯ ಕಥೆ ಎಲ್ಲರಿಗೂ ತಿಳಿದಿರುವುದರಿಂದ ಇಲ್ಲಿ ಬೆಳೆಸುವುದಿಲ್ಲ. ಒಂದು ಮಾತು ಮಾತ್ರ ಹೇಳಬೇಕು: 1965ರ 'ಹೆಲ್ಪ್!' ಕೇಳುಗರಿಗೆ ಉತ್ಸಾಹದ ಹಾಡಾಗಿತ್ತು. ತಾನು ನಿಜವಾಗಿಯೇ ಮೊರೆಯಿಟ್ಟಿದ್ದೆನೆಂದು ಲೆನನ್ ಮುಂದೆ ಹೇಳಿಕೊಂಡನು. ಕೀರ್ತಿಯ ಗದ್ದಲದಲ್ಲಿ ಆ ಮೊರೆ ಯಾರ ಕಿವಿಗೂ ಬೀಳಲಿಲ್ಲ.

1966ರ ಏಪ್ರಿಲಿನಲ್ಲಿ 'ರಿವಾಲ್ವರ್' ಆಲ್ಬಮ್ಮಿನ ಕೆಲಸ ಮೊದಲಾಯಿತು. ಎಲ್ಲಕ್ಕೂ ಮೊದಲು ಕೈಗೆತ್ತಿಕೊಂಡದ್ದು ಲೆನನ್ನನ 'ಟುಮಾರೊ ನೆವರ್ ನೋಸ್'. ಟಿಬೆಟ್ಟಿನ ಮೃತರ ಗ್ರಂಥವನ್ನು ಆಧರಿಸಿದ ಪುಸ್ತಕವೊಂದನ್ನು ಓದಿ, ಎಲ್.ಎಸ್.ಡಿ. ಎಂಬ ಮಾದಕದ ಅಮಲಿನಲ್ಲಿ ಕಂಡುದನ್ನೂ ಸೇರಿಸಿ ಅವನು ಅದನ್ನು ಕಟ್ಟಿದ್ದನು. (ಆ ಪದಾರ್ಥ ಅವನಿಗೆ ಮುಂದೆ ಒಳಿತನ್ನೇನೂ ಮಾಡಲಿಲ್ಲ.) ಬೆಟ್ಟದ ತುದಿಯಿಂದ ದಲಾಯಿ ಲಾಮಾ ಜಪಿಸುವಂತೆ ತನ್ನ ಧ್ವನಿ ಕೇಳಬೇಕೆಂದು ಅವನು ಹಟ ಹಿಡಿದನು. ಎಂಜಿನಿಯರು ಆರ್ಗನ್ನಿನ ಸುತ್ತುವ ಸ್ಪೀಕರಿನ ಮೂಲಕ ಆ ಧ್ವನಿಯನ್ನು ಹಾಯಿಸಿದನು. ಕುಣಿಕೆ ಹಾಕಿದ ಟೇಪುಗಳ ವಿಚಾರವನ್ನು ತಂದವನು ಪಾಲ್. ಕಟ್ಟಡದ ಬೇರೆ ಬೇರೆ ಯಂತ್ರಗಳಲ್ಲಿ ಅವು ಓಡುತ್ತಿದ್ದಾಗ ನೌಕರರು ಪೆನ್ಸಿಲ್ ಕೊಟ್ಟು ಬಿಗಿಯಾಗಿ ಹಿಡಿದು ನಿಂತಿದ್ದರು. ಹ್ಯಾರಿಸನ್ನನ ತಂಬೂರಿ ಶ್ರುತಿ ಹಿಡಿಯಿತು. ರಿಂಗೋನ ತಾಳ ಕೊನೆಯವರೆಗೆ ಒಂದಿಷ್ಟೂ ಕದಲಲಿಲ್ಲ. ಹಾಡು ಲೆನನ್ನನದು; ಆದರೆ ನಾಲ್ವರಲ್ಲಿ ಯಾರೊಬ್ಬನನ್ನು ತೆಗೆದರೂ ಅದು ನಿಲ್ಲದು.

ಉಳಿದ 13 ಹಾಡುಗಳಲ್ಲಿಯೂ ಇದೇ ಕೂಡುಬಾಳು. ಹ್ಯಾರಿಸನ್ನನಿಗೆ ಮೂರು ಹಾಡುಗಳು ದೊರೆತವು. ಒಂದರಲ್ಲಿ ಅನಿಲ್ ಭಾಗವತರ ತಬಲಾ ಇದೆ. ಪಾಲನ 'ಎಲಿನರ್ ರಿಗ್ಬಿ'ಯಲ್ಲಿ ಗಿಟಾರೇ ಇಲ್ಲ. ಎಂಟು ತಂತಿವಾದ್ಯಗಳೇ ಅದನ್ನು ನಡೆಸುತ್ತವೆ. ಆಗಸ್ಟ್ 5ರಂದು ಆಲ್ಬಮ್ ಹೊರಬಿತ್ತು. ಅದೇ ತಿಂಗಳು ಅಮೆರಿಕದ ಪ್ರವಾಸದಲ್ಲಿ ಅವರು ಅದರ ಒಂದು ಹಾಡನ್ನೂ ಹಾಡಲಿಲ್ಲ. 29ರಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಹಾಡಿ, ಪ್ರವಾಸದ ಕಚೇರಿಗಳಿಗೆ ಕೊನೆ ಹೇಳಿದರು.

'ಪೆಪ್ಪರ್' ಪಕ್ಷದವರು ಇಲ್ಲಿ ಎದ್ದು ನಿಲ್ಲುತ್ತಾರೆ. 'ಎ ಡೇ ಇನ್ ದ ಲೈಫ್'ನ ಎದುರು ನಾನು ತಲೆಬಾಗುತ್ತೇನೆ. ಲೆನನ್ನನ ತುಂಡಿಗೆ ಪಾಲನ ತುಂಡನ್ನು ಬೆಸೆದ ಬಗೆ ಅದ್ಭುತವಾದುದು. ಆದರೆ ಆ ಆಲ್ಬಮ್ಮಿಗಾಗಿ ಮೊದಲು ಸಿದ್ಧವಾದ 'ಸ್ಟ್ರಾಬೆರಿ ಫೀಲ್ಡ್ಸ್ ಫಾರೆವರ್' ಅದರಲ್ಲಿಲ್ಲ. ದೊಡ್ಡಮ್ಮನ ಮನೆಯ ಸಮೀಪದ ಅನಾಥಾಲಯದ ಹೆಸರು ಹೊತ್ತ ಆ ಹಾಡಿನಲ್ಲಿ ಲೆನನ್ನನ ಬಾಲ್ಯವಿದೆ. ಅದನ್ನು 1967ರ ಫೆಬ್ರವರಿಯಲ್ಲಿಯೇ ಬಿಡಿಯಾಗಿ ಮಾರಿಬಿಟ್ಟರು. ನಿರ್ಮಾಪಕ ಜಾರ್ಜ್ ಮಾರ್ಟಿನ್ ಇದಕ್ಕಾಗಿ ಬಹುಕಾಲ ಹಳಹಳಿಸಿದನು. ಹೃದಯವನ್ನೇ ಹೊರಗಿಟ್ಟ ಆಲ್ಬಮ್ಮಿಗೆ ಮೊದಲ ಸ್ಥಾನ ಕೊಡಲು ನನಗೆ ಮನಸ್ಸು ಬಾರದು.

1967ರ ಆಗಸ್ಟಿನಲ್ಲಿ ಎಪ್‌ಸ್ಟೀನ್ ತೀರಿಕೊಂಡನು. 1968ರ ಫೆಬ್ರವರಿಯಲ್ಲಿ ನಾಲ್ವರೂ ಋಷಿಕೇಶಕ್ಕೆ, ಮಹರ್ಷಿ ಮಹೇಶ ಯೋಗಿಗಳ ಆಶ್ರಮಕ್ಕೆ ಬಂದರು. ಧ್ಯಾನ ಎಷ್ಟು ಫಲಿಸಿತೋ, ಗಂಗಾತೀರದಲ್ಲಿ ಹಾಡುಗಳಂತೂ ಧಾರಾಳವಾಗಿ ಹುಟ್ಟಿದವು. ಅಲ್ಲಿ ಗಾಯಕ ಡೊನೊವನ್ನನಿಂದ ಬೆರಳುಗಳಿಂದ ತಂತಿ ಮೀಟುವ ಕ್ರಮವನ್ನು ಕಲಿತು, ಲೆನನ್ ಕೊನೆಗೂ ತಾಯಿಯ ಹೆಸರನ್ನೇ ಇಟ್ಟು 'ಜೂಲಿಯಾ' ರಚಿಸಿದನು. ಆ ವರ್ಷದ ನವೆಂಬರಿನಲ್ಲಿ ಬಂದ ಬಿಳಿಯ ಹೊದಿಕೆಯ ಜೋಡಿ ಆಲ್ಬಮ್ಮಿನಲ್ಲಿ ಅದು ಇದೆ. ಬೀಟಲ್ಸರ ಹಾಡುಗಳಲ್ಲಿ ಲೆನನ್ ಒಬ್ಬನೇ ಹಾಡಿ, ಒಬ್ಬನೇ ನುಡಿಸಿದುದು ಇದೊಂದೇ. ಈ ಆಲ್ಬಮ್ಮು 'ಪೆಪ್ಪರ್'ಗಿಂತ ಮೇಲೆಂದು ಅವನೇ ಹೇಳಿದ್ದುಂಟು. ಲೆನನ್ನನೊಬ್ಬನ ಹೃದಯವನ್ನು ಅರಿಯಬೇಕೆಂದರೆ ನಾನೂ ಅಲ್ಲಿಗೇ ಹೋಗುತ್ತೇನೆ. ಆದರೆ 30 ಹಾಡುಗಳ ಆ ಮನೆಯಲ್ಲಿ ಒಬ್ಬೊಬ್ಬರದು ಒಂದೊಂದು ಒಲೆ. ರಿಂಗೋ ನಡುವೆ ಮುನಿದು ಕೆಲವು ದಿನ ಹೊರಟೇಹೋಗಿದ್ದನು.

ಮುಂದಿನದು ಬೇಗ ಮುಗಿಯಿತು. 1969ರಲ್ಲಿ ಯೋಕೊ ಓನೊಳನ್ನು ಮದುವೆಯಾದನು. ಅದೇ ಸೆಪ್ಟೆಂಬರಿನಲ್ಲಿ ತಂಡವನ್ನು ಬಿಡುವುದಾಗಿ ಗೆಳೆಯರಿಗೆ ತಿಳಿಸಿದನು. ಆ ತಿಂಗಳೇ ಹೊರಬಂದ 'ಆ್ಯಬಿ ರೋಡ್'ನ ಎರಡನೆಯ ಬದಿಯ ಹಾಡುಮಾಲೆ ಲೋಕಕ್ಕೆ ಮೆಚ್ಚುಗೆಯಾಯಿತು, ಅವನಿಗೆ ಆಗಲಿಲ್ಲ. 1970ರ ತನ್ನ ಸ್ವಂತ ಆಲ್ಬಮ್ಮನ್ನು ಗಂಟೆಯ ನಾದದಿಂದ ತೊಡಗಿಸಿ, ತಾಯಿತಂದೆಯರನ್ನು ಕೂಗಿ ಕರೆದನು. 1975ರಲ್ಲಿ ಮಗ ಶಾನ್ ಹುಟ್ಟಿದ ಮೇಲೆ ಐದು ವರ್ಷ ಮನೆಯಲ್ಲಿದ್ದು, ತನಗೆ ಸಿಕ್ಕದಿದ್ದುದನ್ನು ಆ ಮಗುವಿಗೆ ಕೊಟ್ಟನು. (ಮೊದಲ ಮಗ ಜೂಲಿಯನ್ನನಿಗೆ ಆ ಭಾಗ್ಯವಿರಲಿಲ್ಲ ಎಂಬುದನ್ನು ಮುಚ್ಚಿಡಲಾಗದು.) 1980ರಲ್ಲಿ ಮತ್ತೆ ಹಾಡತೊಡಗಿ ಕೆಲವೇ ವಾರಗಳಾಗಿದ್ದವು, ಡಿಸೆಂಬರ್ 8ರ ರಾತ್ರಿ ನ್ಯೂಯಾರ್ಕಿನಲ್ಲಿ, ಅವನ ಮನೆಯ ಬಾಗಿಲಲ್ಲಿಯೇ ಗುಂಡಿಟ್ಟು ಕೊಂದರು. ಅವನಿಗೆ 40 ವರ್ಷ.

2022ರಲ್ಲಿ 'ರಿವಾಲ್ವರ್' ಮತ್ತೆ ಅಚ್ಚುಕಟ್ಟಾಗಿ ಹೊರಬಂದಾಗ ಲೆನನ್ ಒಬ್ಬನೇ ಗಿಟಾರ್ ಹಿಡಿದು ಹಾಡಿಕೊಂಡ ಒಂದು ತುಣುಕನ್ನೂ ಸೇರಿಸಿದರು. ಹುಟ್ಟಿದ ಊರಿನಲ್ಲಿ ತನ್ನನ್ನು ಕೇಳುವವರೇ ಇರಲಿಲ್ಲವೆಂಬ ಅಳಲಿನ ಹಾಡು ಅದು. ಪಾಲನ ಕೈ ಸೇರಿ, ರಿಂಗೋನ ಕಂಠ ಸೇರಿ ಅದೇ 'ಯೆಲ್ಲೊ ಸಬ್‌ಮರೀನ್' ಆಯಿತು. ತಾಯಿಯಿಲ್ಲದ ಹುಡುಗನ ಕೊರಗು, ನಾಲ್ವರ ನಡುವೆ ಹಾದು, ಜಗತ್ತಿನ ಮಕ್ಕಳೆಲ್ಲ ಕೈತಟ್ಟಿ ಹಾಡುವ ಪದವಾಯಿತು. ನನ್ನ ಮತ 'ರಿವಾಲ್ವರ್'ಗೆ ಬಿದ್ದದ್ದು ಇದನ್ನು ಕೇಳಿದ ದಿನ. ನನ್ನ ಕೋಣೆಯ ಗೆಳೆಯ ಮಾತ್ರ ಅದನ್ನು ಎರಡು ಸಲ ಕೇಳಿ, ಕಣ್ಣೊರಸಿಕೊಂಡು, ಈಗಲೂ 'ಆ್ಯಬಿ ರೋಡ್' ಪಕ್ಷದಲ್ಲಿಯೇ ಇದ್ದಾನೆ.