ಸರ್ ಎಂ. ವಿಶ್ವೇಶ್ವರಯ್ಯ ಮತ್ತು ವೃತ್ತಿ ಶಿಕ್ಷಣ

ಎಸ್.ಎಸ್.ಎಲ್.ಸಿ. ಅಥವಾ ಪಿ.ಯು.ಸಿ. ನಂತರ ಮುಂದೇನು ಎಂಬ ಪ್ರಶ್ನೆ ಹೊಸಪೇಟೆ, ಹಂಪಿ, ಸಂಡೂರು ಮತ್ತು ಕಂಪ್ಲಿ ಭಾಗದ ಮನೆಗಳಲ್ಲಿ ಪ್ರತಿ ವರ್ಷವೂ ಏಳುತ್ತದೆ. ಅಂಕ ಕಡಿಮೆ ಬಂದವರಿಗೆ ಮಾತ್ರ ವೃತ್ತಿ ತರಬೇತಿ ಎಂಬ ತಪ್ಪು ಭಾವನೆಯಿಂದ ಅನೇಕ ಪೋಷಕರು ಅರ್ಜಿ ಸಲ್ಲಿಸಲು ಹಿಂಜರಿಯುತ್ತಾರೆ. ಪರೀಕ್ಷೆಗಳಲ್ಲಿ ಅಗ್ರಸ್ಥಾನ ಪಡೆದಿದ್ದ ಸರ್ ಎಂ. ವಿಶ್ವೇಶ್ವರಯ್ಯನವರು ತಮಗೆ ಸಲ್ಲಬೇಕಾಗಿದ್ದ ಹಣವನ್ನು ವೃತ್ತಿ ಶಿಕ್ಷಣ ಸಂಸ್ಥೆಯೊಂದಕ್ಕೆ ಮುಡಿಪಾಗಿಟ್ಟರು. ಅವರ ಜೀವನದ ಈ ಮುಖವನ್ನು ಸಾರ್ವಜನಿಕರ ಮಾಹಿತಿಗಾಗಿ ಇಲ್ಲಿ ನೀಡಲಾಗಿದೆ.

ಬಾಲ್ಯ ಮತ್ತು ವಿದ್ಯಾಭ್ಯಾಸ

ವಿಶ್ವೇಶ್ವರಯ್ಯನವರು 1861ರ ಸೆಪ್ಟೆಂಬರ್ 15ರಂದು ಚಿಕ್ಕಬಳ್ಳಾಪುರ ಸಮೀಪದ ಮುದ್ದೇನಹಳ್ಳಿಯಲ್ಲಿ ಜನಿಸಿದರು. ತಂದೆ ಶ್ರೀನಿವಾಸ ಶಾಸ್ತ್ರಿ, ತಾಯಿ ವೆಂಕಟಲಕ್ಷ್ಮಮ್ಮ. ಬಾಲ್ಯದಲ್ಲಿಯೇ ತಂದೆಯನ್ನು ಕಳೆದುಕೊಂಡ ಅವರು ಬೆಂಗಳೂರಿನಲ್ಲಿ ಮಕ್ಕಳಿಗೆ ಮನೆಪಾಠ ಹೇಳುತ್ತಾ ಸೆಂಟ್ರಲ್ ಕಾಲೇಜಿನಲ್ಲಿ ಓದಿ 1881ರಲ್ಲಿ ಬಿ.ಎ. ಪದವಿ ಪಡೆದರು. ಬಳಿಕ ಮೈಸೂರು ಸರ್ಕಾರದ ವಿದ್ಯಾರ್ಥಿವೇತನದ ನೆರವಿನಿಂದ ಪುಣೆಯ ವಿಜ್ಞಾನ ಕಾಲೇಜನ್ನು ಸೇರಿ, 1883ರ ಎಂಜಿನಿಯರಿಂಗ್ ಪರೀಕ್ಷೆಯಲ್ಲಿ ಪ್ರಥಮ ಸ್ಥಾನ ಗಳಿಸಿದರು.

ಕೆಲಸದ ಸ್ಥಳದಲ್ಲಿ ಕಲಿಕೆ

1884ರಲ್ಲಿ ಮುಂಬಯಿ ಪ್ರಾಂತ್ಯದ ಲೋಕೋಪಯೋಗಿ ಇಲಾಖೆಯನ್ನು ಸಹಾಯಕ ಎಂಜಿನಿಯರರಾಗಿ ಸೇರಿದ ಅವರು ನಾಸಿಕ್, ಸಕ್ಕರ್, ಪುಣೆ ಮುಂತಾದೆಡೆ ನೀರಿನ ಕಾಮಗಾರಿಗಳಲ್ಲಿ ತೊಡಗಿದರು. ಪುಣೆ ಬಳಿಯ ಖಡಕ್‌ವಾಸ್ಲಾ ಜಲಾಶಯಕ್ಕೆ 1903ರಲ್ಲಿ ಅವರು ರೂಪಿಸಿದ ಸ್ವಯಂಚಾಲಿತ ಗೇಟುಗಳನ್ನು ಅಳವಡಿಸಲಾಯಿತು. ನೀರು ನಿಗದಿತ ಮಟ್ಟವನ್ನು ಮೀರಿದಾಗ ಗೇಟುಗಳು ತಾವಾಗಿಯೇ ತೆರೆದು ಪ್ರವಾಹವನ್ನು ಹೊರಬಿಡುತ್ತಿದ್ದವು. ಮಟ್ಟ ಇಳಿದಾಗ ಮುಚ್ಚಿಕೊಳ್ಳುತ್ತಿದ್ದವು. ಕಟ್ಟೆಯನ್ನು ಎತ್ತರಿಸದೆಯೇ ಹೆಚ್ಚು ನೀರು ಸಂಗ್ರಹಿಸಲು ಇದರಿಂದ ಸಾಧ್ಯವಾಯಿತು. ವರ್ಷಗಳ ಕಾಲ ಕಟ್ಟೆ ಮತ್ತು ಕಾಲುವೆಗಳ ಮೇಲೆ ನಿಂತು ನೀರನ್ನು ಅಳೆದು, ಅದರ ವರ್ತನೆಯನ್ನು ಗಮನಿಸಿದ ಅನುಭವ ಈ ಸಾಧನೆಯ ಹಿಂದಿತ್ತು.

ಮೈಸೂರು ಸಂಸ್ಥಾನದಲ್ಲಿ

1909ರಲ್ಲಿ ಅವರು ಮೈಸೂರಿನ ಮುಖ್ಯ ಎಂಜಿನಿಯರರಾದರು. 1911ರಲ್ಲಿ ಕನ್ನಂಬಾಡಿ ಕಟ್ಟೆಯ ಕಾಮಗಾರಿ ಆರಂಭವಾಯಿತು. 1912ರಿಂದ 1918ರವರೆಗೆ ಅವರು ದಿವಾನರಾಗಿದ್ದರು. 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವೂ 1917ರಲ್ಲಿ ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜೂ ಆರಂಭವಾದವು. ಇವುಗಳ ಜೊತೆಗೆ ಹೆಬ್ಬಾಳದಲ್ಲಿ ಕೃಷಿ ಶಾಲೆ ಮತ್ತು ಬೆಂಗಳೂರಿನಲ್ಲಿ ಯಂತ್ರಶಿಲ್ಪ ಶಾಲೆಗೂ ಅವರ ಆಡಳಿತ ಅವಕಾಶ ಕಲ್ಪಿಸಿತು. ಕಾರ್ಖಾನೆಗಳು ಬೆಳೆಯಬೇಕಾದರೆ ಪದವೀಧರರಷ್ಟೇ ಸಾಲದು, ಯಂತ್ರವನ್ನು ನಡೆಸಬಲ್ಲ ಮತ್ತು ದುರಸ್ತಿ ಮಾಡಬಲ್ಲ ನುರಿತ ಕೆಲಸಗಾರರೂ ಬೇಕು ಎಂಬುದು ಅವರ ನಿಲುವಾಗಿತ್ತು.

ಭದ್ರಾವತಿಯಲ್ಲಿ ಈ ನಿಲುವು ಪರೀಕ್ಷೆಗೆ ಒಳಗಾಯಿತು. ನಷ್ಟದಲ್ಲಿದ್ದ ಕಬ್ಬಿಣ ಕಾರ್ಖಾನೆಯ ಆಡಳಿತ ಮಂಡಳಿಯ ಅಧ್ಯಕ್ಷತೆಯನ್ನು 1923ರಲ್ಲಿ ವಹಿಸಿಕೊಂಡು, 1929ರವರೆಗೆ ಅದನ್ನು ಸುಸ್ಥಿತಿಗೆ ತರಲು ಅವರು ಶ್ರಮಿಸಿದರು. ವಿದೇಶಿ ತಜ್ಞರ ಅವಲಂಬನೆಯನ್ನು ತಗ್ಗಿಸಿ ನಾಡಿನ ಯುವಕರನ್ನೇ ಕಾರ್ಖಾನೆಯೊಳಗೆ ತರಬೇತುಗೊಳಿಸಲಾಯಿತು.

ವೃತ್ತಿ ಶಿಕ್ಷಣ ಸಂಸ್ಥೆಯ ಸ್ಥಾಪನೆ

ಭದ್ರಾವತಿಯ ಸೇವೆಗಾಗಿ ತಮಗೆ ಸಲ್ಲಬೇಕಾಗಿದ್ದ ಸಂಭಾವನೆಯನ್ನು ಅವರು ಸ್ವಂತಕ್ಕೆ ಬಳಸದೆ, ಯುವಜನರಿಗೆ ವೃತ್ತಿ ಕಲಿಸುವ ಸಂಸ್ಥೆಗೆ ವಿನಿಯೋಗಿಸುವಂತೆ ಸರ್ಕಾರವನ್ನು ಕೋರಿದರು. ತಮ್ಮ ಹೆಸರನ್ನಿಡುವ ಸಲಹೆಯನ್ನು ಒಪ್ಪದೆ ಮಹಾರಾಜರ ಹೆಸರನ್ನು ಸೂಚಿಸಿದರು. ಹೀಗೆ 1943ರಲ್ಲಿ ಬೆಂಗಳೂರಿನಲ್ಲಿ ಶ್ರೀ ಜಯಚಾಮರಾಜೇಂದ್ರ ಆಕ್ಯುಪೇಷನಲ್ ಇನ್‌ಸ್ಟಿಟ್ಯೂಟ್ ಆರಂಭವಾಯಿತು; ಇಂದು ಅದು ಎಸ್.ಜೆ. ಪಾಲಿಟೆಕ್ನಿಕ್ ಎಂದು ಪರಿಚಿತವಾಗಿದೆ. ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿಗೆ ಪಾತ್ರರಾದ ಛಾಯಾಗ್ರಾಹಕ ವಿ.ಕೆ. ಮೂರ್ತಿಯವರು ಕ್ಯಾಮೆರಾ ಕೆಲಸ ಕಲಿತದ್ದು ಈ ಸಂಸ್ಥೆಯಲ್ಲಿಯೇ.

1955ರಲ್ಲಿ ಭಾರತರತ್ನ ಗೌರವ ಪಡೆದ ವಿಶ್ವೇಶ್ವರಯ್ಯನವರು 1962ರ ಏಪ್ರಿಲ್ 14ರಂದು ನಿಧನರಾದರು.

ನಮ್ಮ ಭಾಗಕ್ಕೆ ಇದರ ಮಹತ್ವ

ಹೊಸಪೇಟೆಯ ತುಂಗಭದ್ರಾ ಅಣೆಕಟ್ಟೆಯನ್ನು ಕಟ್ಟಿದವರು ವಿಶ್ವೇಶ್ವರಯ್ಯನವರಲ್ಲ. ಅದು ಅಂದಿನ ಮದರಾಸು ಮತ್ತು ಹೈದರಾಬಾದ್ ಸರ್ಕಾರಗಳ ಜಂಟಿ ಯೋಜನೆ. ಆದರೆ ಅವರು ಒತ್ತಿ ಹೇಳಿದ ಕೌಶಲದ ಬೆಲೆ ಇಲ್ಲಿಯೂ ಸ್ಪಷ್ಟವಾಗಿ ಕಂಡಿದೆ. 2024ರ ಆಗಸ್ಟ್ 10ರ ರಾತ್ರಿ ಸರಪಳಿ ತುಂಡಾಗಿ 19ನೇ ಗೇಟು ಕೊಚ್ಚಿಹೋಯಿತು. ಹರಿಯುವ ನೀರಿನಲ್ಲಿಯೇ ತಾತ್ಕಾಲಿಕ ಗೇಟನ್ನು ಇಳಿಸಿ ಸುಮಾರು ಒಂದು ವಾರದಲ್ಲಿ ನೀರು ಪೋಲಾಗುವುದನ್ನು ತಡೆಯಲಾಯಿತು. ಅದರ ಭಾಗಗಳು ಹೊಸಪೇಟೆ ಮತ್ತು ತೋರಣಗಲ್ಲು ಪರಿಸರದಲ್ಲಿಯೇ ತಯಾರಾದವು. ಕಂಪ್ಲಿಯ ಭತ್ತದ ಗದ್ದೆಗೂ ಹೊಸಪೇಟೆಯ ಕಬ್ಬಿನ ತೋಟಕ್ಕೂ ಬೇಕಾದ ನೀರು ಆ ವಾರ ಎಂಜಿನಿಯರುಗಳ ಅನುಭವವನ್ನು ಎಷ್ಟು ನೆಚ್ಚಿತ್ತೋ, ವೆಲ್ಡರ್ ಮತ್ತು ಫಿಟ್ಟರ್‌ಗಳ ಕೈಚಳಕವನ್ನೂ ಅಷ್ಟೇ ನೆಚ್ಚಿತ್ತು.

ಸಂಡೂರಿನ ಗಣಿ ಮತ್ತು ಯಂತ್ರೋಪಕರಣಗಳು, ಭೌಗೋಳಿಕ ಸೂಚ್ಯಂಕ ಪಡೆದಿರುವ ಅಲ್ಲಿನ ಲಂಬಾಣಿ ಕಸೂತಿ, ಹಂಪಿಯ ಪ್ರವಾಸೋದ್ಯಮ, ಇವೆಲ್ಲವೂ ಕೈಯಿಂದ ಮಾಡಿ ಕಲಿತವರಿಗೆ ಕೆಲಸ ಒದಗಿಸುವ ಕ್ಷೇತ್ರಗಳಾಗಿವೆ.

ಅರ್ಜಿದಾರರ ಗಮನಕ್ಕೆ

1. ಎಸ್.ಎಸ್.ಎಲ್.ಸಿ. ತೇರ್ಗಡೆಯಾದವರು ಕೈಗಾರಿಕಾ ತರಬೇತಿ ಸಂಸ್ಥೆಯ (ಐ.ಟಿ.ಐ.) ತರಬೇತಿಗೆ ಅಥವಾ ಪಾಲಿಟೆಕ್ನಿಕ್‌ನ ಮೂರು ವರ್ಷಗಳ ಡಿಪ್ಲೊಮಾಗೆ ಅರ್ಜಿ ಸಲ್ಲಿಸಬಹುದು. ಐ.ಟಿ.ಐ.ಯಲ್ಲಿ ಫಿಟ್ಟರ್ ಮತ್ತು ಎಲೆಕ್ಟ್ರಿಷಿಯನ್ ತರಬೇತಿಯ ಅವಧಿ ಎರಡು ವರ್ಷ, ವೆಲ್ಡರ್ ತರಬೇತಿಯ ಅವಧಿ ಒಂದು ವರ್ಷ.

2. ಐ.ಟಿ.ಐ. ಸೇರಿದರೆ ಉನ್ನತ ಶಿಕ್ಷಣದ ಬಾಗಿಲು ಮುಚ್ಚುವುದಿಲ್ಲ. ಎರಡು ವರ್ಷಗಳ ತರಬೇತಿ ಪೂರೈಸಿದವರು ನಿಯಮಗಳಿಗೊಳಪಟ್ಟು ಡಿಪ್ಲೊಮಾದ ಎರಡನೇ ವರ್ಷಕ್ಕೆ ನೇರ ಪ್ರವೇಶ ಕೋರಬಹುದು.

3. ತರಬೇತಿಯ ನಂತರ 1961ರ ಶಿಶಿಕ್ಷು ಕಾಯ್ದೆಯನ್ವಯ ಕಾರ್ಖಾನೆಗಳಲ್ಲಿ ಶಿಷ್ಯವೇತನದೊಂದಿಗೆ ಕೆಲಸ ಕಲಿಯಲು ಅವಕಾಶವಿದೆ.

4. ಅಂಕಪಟ್ಟಿ ಮತ್ತು ವರ್ಗಾವಣೆ ಪತ್ರವನ್ನು ಮುಂಚಿತವಾಗಿ ಸಿದ್ಧಪಡಿಸಿಕೊಳ್ಳತಕ್ಕದ್ದು. ಮೀಸಲಾತಿ ಕೋರುವವರು ಜಾತಿ ಮತ್ತು ಆದಾಯ ಪ್ರಮಾಣಪತ್ರಗಳನ್ನು ನಾಡಕಚೇರಿಯ ಮೂಲಕ ಪಡೆಯಬಹುದು. ವಿಜಯನಗರ ಮತ್ತು ಬಳ್ಳಾರಿ ಜಿಲ್ಲೆಗಳ ಅಭ್ಯರ್ಥಿಗಳು ಸಂವಿಧಾನದ 371(ಜೆ) ವಿಧಿಯ ಸೌಲಭ್ಯ ಪಡೆಯಲು ಸಹಾಯಕ ಆಯುಕ್ತರಿಂದ ಅರ್ಹತಾ ಪ್ರಮಾಣಪತ್ರ ಪಡೆದಿರಬೇಕು.

ಹೆಚ್ಚಿನ ವಿವರಗಳಿಗೆ ಸಮೀಪದ ಸರ್ಕಾರಿ ಕೈಗಾರಿಕಾ ತರಬೇತಿ ಸಂಸ್ಥೆಯ ಪ್ರಾಚಾರ್ಯರನ್ನು ಸಂಪರ್ಕಿಸಬಹುದು. ಅರ್ಜಿ ಸಲ್ಲಿಸುವ ಮುನ್ನ ಪೋಷಕರು ಮಕ್ಕಳೊಂದಿಗೆ ಸಂಸ್ಥೆಯ ಕಾರ್ಯಾಗಾರವನ್ನು ಒಮ್ಮೆ ಖುದ್ದಾಗಿ ನೋಡಿ, ಅವರ ಆಸಕ್ತಿಯನ್ನು ತಿಳಿದು, ವೃತ್ತಿಯನ್ನು ಆಯ್ಕೆ ಮಾಡುವುದು ಸೂಕ್ತ.